ಬಾನೆಟ್ಟಿನ ತೂತಿಗೆ ಪುಟ್ಟಿ ಹಾಕಿಸಬೇಡಿ

ಗೋಣಿಕೊಪ್ಪದಲ್ಲಿ ನಮ್ಮದು ಟಿಂಕರಿಂಗ್, ಪೇಂಟಿಂಗ್ ಶೆಡ್. ಬರೋದು ಹೆಚ್ಚಾಗಿ ಜೀಪು, ಪಿಕಪ್. ಈಗ ಸಿದ್ದಾಪುರ ಕಡೆಯ ತೋಟದಿಂದ ಹಳೇ ಡಾಡ್ಜ್ ಕಿಂಗ್ಸ್‌ವೇ ಕಾರು ಬಂದು ನಿಂತಿದೆ. ಮೋನೋಗ್ರಾಂ, ಅಂದರೆ ಬಾಡಿ ಮೇಲಿನ ಹೆಸರು, ಗುರುತಿನ ಲೋಹದ ತುಂಡುಗಳನ್ನೆಲ್ಲ ಬಿಚ್ಚಿ ಬಿಸ್ಕೆಟ್ ಡಬ್ಬಿಯಲ್ಲಿ ಕೊಟ್ಟಿದ್ದಾರೆ. "ಅವು ಕೂತಿದ್ದ ತೂತೆಲ್ಲ ಮುಚ್ಚಿ ನೈಸ್ ಮಾಡಿಬಿಡಿ ಮಾರಾಯ್ರೇ" ಅಂದರು ಯಜಮಾನರು. ಬೇಡ ಸರ್ ಅಂದೆ.

ಮುಂಬೈಯ ಪ್ರೀಮಿಯರ್ ಕಂಪನಿ ಹೆಚ್ಚುಕಮ್ಮಿ ಒಂದೇ ಬಾಡಿಯನ್ನು ಡಾಡ್ಜ್ ಕಿಂಗ್ಸ್‌ವೇ, ಪ್ಲಿಮತ್ ಸವಾಯ್, ಡಿಸೋಟೊ ಡಿಪ್ಲೊಮ್ಯಾಟ್ ಅಂತ ಮೂರು ಹೆಸರಲ್ಲಿ ಮಾರುತ್ತಿತ್ತು. ಗ್ರಿಲ್ಲು, ಮೋನೋಗ್ರಾಂ ತೆಗೆದರೆ ಡಾಡ್ಜ್ ಅನ್ನೋದಕ್ಕೆ ಉಳಿಯೋದೇನು?

ಅದರ ಬಾನೆಟ್ ತುದಿಯಲ್ಲಿ ಕೂರೋದು ಟಗರಿನ ಗೊಂಬೆ. 1930ರ ದಶಕದ ಶುರುವಿನಲ್ಲಿ ಆ ಟಗರನ್ನು ಮಾಡಿಕೊಟ್ಟಿದ್ದು ಅವಾರ್ಡ್ ಫೇರ್‌ಬ್ಯಾಂಕ್ಸ್ ಅನ್ನೋ ಶಿಲ್ಪಿ. ಅಷ್ಟು ಮುಂದೆ ಯಾಕೆ ಕೂರಿಸಿದರು ಅಂದರೆ, ಆಗ ರೇಡಿಯೇಟರ್ ಮುಚ್ಚಳ ಹೊರಗೇ ಇರುತ್ತಿತ್ತು. ಮೊದಮೊದಲು ಅದರ ಮೇಲೆ ನೀರಿನ ಬಿಸಿ ತೋರಿಸೋ ಮೀಟರ್ ಇತ್ತು, ಗೊಂಬೆಗಳೂ ಅಲ್ಲೇ ಹತ್ತಿದವು. ಆಮೇಲೆ ಮುಚ್ಚಳ ಬಾನೆಟ್ ಒಳಗೆ ಹೋಯಿತು. ಗೊಂಬೆ ಮಾತ್ರ ಜಾಗ ಬಿಡಲಿಲ್ಲ!

ಶೆವರ್ಲೆ ಕಾರಿನ ಬೋ-ಟೈ ಆಕಾರದ ಗುರುತಿನ ಕತೆ ಇನ್ನೂ ಮಜಾ. ಕಂಪನಿ ಕಟ್ಟಿದ ವಿಲಿಯಂ ಡ್ಯೂರಂಟ್ ಅದನ್ನು ಪ್ಯಾರಿಸ್ ಹೋಟೆಲಿನ ವಾಲ್‌ಪೇಪರ್‌ನಲ್ಲಿ ನೋಡಿದ್ದರು ಅಂತ ಒಂದು ಕತೆ. ಪೇಪರಿನ ಜಾಹೀರಾತಲ್ಲಿ ನೋಡಿದ್ದು ಅಂದರು ಹೆಂಡತಿ. ಊಟ ಮಾಡುತ್ತಾ ಗೀಚಿದ್ದು ಅಂದಳು ಮಗಳು. 1911ರ ಒಂದು ಕಲ್ಲಿದ್ದಲು ಜಾಹೀರಾತಿನಲ್ಲಿ ಹತ್ತಿರಹತ್ತಿರ ಅದೇ ಆಕಾರ ಇದೆ. ನನ್ನ ಓಟು ಹೆಂಡತಿಗೆ.

ಇಂಥ ಗುರುತು ಎಲ್ಲಿ, ಎಷ್ಟು ಅನ್ನೋದಕ್ಕೂ ಲೆಕ್ಕ ಇತ್ತು. 1957ರ ಶೆವರ್ಲೆ ಬಾನೆಟ್ ಮೇಲೆ ದೊಡ್ಡ 'ವಿ' ಇದ್ದರೆ ಒಳಗೆ ಎಂಟು ಸಿಲಿಂಡರಿನ ವಿ-8 ಎಂಜಿನ್. ಆರು ಸಿಲಿಂಡರಿಗೆ ಅದಿಲ್ಲ. 1949ರ ಬ್ಯೂಕ್‌ನಲ್ಲಿ ಪಕ್ಕದ ಕಿಂಡಿ ನಾಲ್ಕಿದ್ದರೆ ದುಬಾರಿ ರೋಡ್‌ಮಾಸ್ಟರ್, ಮೂರಿದ್ದರೆ ಕಡಿಮೆ ಬೆಲೆಯದ್ದು. ಪಕ್ಕದ ಮನೆಯವರಿಗೆ ಗೊತ್ತಾಗಬೇಕಲ್ವಾ!

ಈ ತೂತುಗಳೇ ನಮ್ಮ ಮಳೆಗೆ ದಾರಿ, ಅದೂ ನಿಜ. ಮೋನೋಗ್ರಾಂ ಹಿಂದಿನ ಕಡ್ಡಿ ತೂರಿದ ಕಡೆ ನೀರು ಇಳಿದು ಒಳಗಿಂದ ತುಕ್ಕು ಹಿಡಿಯುತ್ತದೆ. ಹಾಗಾಗಿ ತೂತಿನ ಅಂಚಿಗೆ ಪ್ರೈಮರ್ ಹೊಡೆದು, ರಬ್ಬರ್ ವಾಷರ್ ಇಟ್ಟು ಕೂರಿಸುತ್ತೇನೆ. ಮೋನೋಗ್ರಾಂಗಳು ಸತುವಿನ ಎರಕ. ಕ್ರೋಮ್ ಅಡಿ ಗುಳ್ಳೆ ಎದ್ದಿವೆ. ಜೋರಾಗಿ ಉಜ್ಜಿದರೆ ಅಕ್ಷರವೇ ಸವೆದುಹೋಗುತ್ತದೆ. ಟಗರಿನ ಒಂದು ಕೊಂಬು ಮುರಿದಿದೆ. ಗ್ಯಾಸ್ ವೆಲ್ಡಿಂಗ್ ಹಿಡಿದರೆ ಇಡೀ ತಲೆ ಕರಗುತ್ತದೆ. ಯಾರ ತೋಟದ ಶೆಡ್ಡಲ್ಲಾದರೂ ಅಂಥ ಟಗರು ಬಿದ್ದಿದ್ದರೆ ಕಮೆಂಟಿನಲ್ಲಿ ತಿಳಿಸಿ. ಅಚ್ಚು ತೆಗೆದುಕೊಂಡು ವಾಪಸ್ ಕೊಡುತ್ತೇನೆ.