ಎಲ್ಕ್ ಮಾಂಸದ ಚೀಲ: ಸೀಸನ್‌ಗೆ ಮುಂಚಿನ ಅಪ್‌ಡೇಟ್

ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬಿಲ್ಲಿನ ಶಿಕಾರಿ ಸೆಪ್ಟೆಂಬರ್‌ನಲ್ಲಿ. ಬೆಳಗ್ಗೆ ಕೈ ಮರಗಟ್ಟುವ ಚಳಿ, ಮಧ್ಯಾಹ್ನ ಕೆಲವು ದಿನ 25 ಡಿಗ್ರಿ, ಜೊತೆಗೆ ಎಲ್ಲಿಂದಲೋ ಬರುವ ನೊಣಗಳು. (ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಶಿಕಾರಿ ಅಪರಾಧ, ಇಲ್ಲಿ ಲೈಸೆನ್ಸ್ ಇದ್ದರೆ ಸರಿ. ಆ ಚರ್ಚೆ ಇಲ್ಲಿ ಬೇಡ.)

ಶಿಕಾರಿಯ ಮಾಂಸವನ್ನು ನೊಣ ಮುತ್ತದ ಹಾಗೆ ತುಂಬಿ ತೂಗುಹಾಕುವ ಚೀಲ ಹೊಲಿದು ಮುಗಿಯಿತು. ಬಟ್ಟೆ ಹಳೇ ಪಾಲಿ-ಕಾಟನ್ ಬೆಡ್‌ಶೀಟ್. ಅಂಗಡಿಯ ಅಗ್ಗದ ಚೀಲಗಳು ಜಾಳು ಜಾಳು, ಮಾಂಸ ಬಟ್ಟೆಗೆ ಅಂಟಿದ ಕಡೆ ನೊಣ ಹೊರಗೆ ಕೂತೇ ಸಂದಿಯಲ್ಲಿ ಮೊಟ್ಟೆ ತುರುಕುತ್ತದೆ, ಸೆಕೆ ಇದ್ದರೆ ಒಂದು ದಿನದೊಳಗೇ ಹುಳ. ಪ್ಲಾಸ್ಟಿಕ್ ಬೇಡವೇ ಬೇಡ, ಬಿಸಿಯೂ ಬೆವರೂ ಒಳಗೇ ಉಳಿಯುತ್ತವೆ.

ಹಿತ್ತಲಲ್ಲಿ ಅಂಗಡಿಯ ಕುರಿ ತೊಡೆ ನೇತುಹಾಕಿ ನೋಡಿದೆ. ಬೆಡ್‌ಶೀಟ್ ದಾಟಿ ಒಂದು ನೊಣವೂ ಒಳಗೆ ಹೋಗಲಿಲ್ಲ, ಆದರೆ ಲಾಡಿ ಬಿಗಿದ ಬಾಯಿಯ ನೆರಿಗೆಗಳಲ್ಲಿ ಬಿಳಿ ಮೊಟ್ಟೆಗಳ ಸಾಲು! ಈಗ ಬಾಯಿ ಉದ್ದ ಬಿಟ್ಟಿದ್ದೇನೆ, ಮಡಚಿ ಎರಡನೇ ಸಲ ಕಟ್ಟಬಹುದು.

ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನೀರಲ್ಲಿ ಕರಗಿಸಿ ಮಾಂಸಕ್ಕೆ ಸ್ಪ್ರೇ ಮಾಡುವುದೂ ಪಟ್ಟಿಯಲ್ಲಿದೆ. ಮೇಲ್ಮೈ ಹುಳಿಯಾದರೆ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ. ಆಮೇಲೆ ಗಾಳಿಗೆ ಒಣಗಿ ಗಟ್ಟಿ ಪೊರೆ ಕಟ್ಟಬೇಕು, ಒದ್ದೆ ಇರುವವರೆಗೂ ನೊಣ ಬಿಡುವುದಿಲ್ಲ. ಇಲ್ಲಿನ ಹಳೇ ಶಿಕಾರಿಗಳು ಕಾಳುಮೆಣಸಿನ ಪುಡಿ ಸವರುತ್ತಾರೆ. ನಾನು ಸಕಲೇಶಪುರದ ಕಡೆಯವನು, ಮೆಣಸಿನ ಮೇಲೆ ಅಭಿಮಾನ ಜಾಸ್ತಿಯೇ, ಆದರೂ ಚೀಲ ಇದ್ದ ಮೇಲೆ ಅದು ಸುಮ್ನೆ ಖರ್ಚು ಅನಿಸುತ್ತದೆ.

ನೊಣ ಕಣ್ಣಿಗೆ ಕಾಣುತ್ತದೆ, ಬಿಸಿ ಕಾಣುವುದಿಲ್ಲ. ನನಗೆ ಭಯ ಅದರದ್ದೇ. ಎಲ್ಕ್‌ನ ತೊಗಲು ಕಂಬಳಿ ಇದ್ದ ಹಾಗೆ, ಹಿಂದಿನ ತೊಡೆ ಅಷ್ಟು ದಪ್ಪ, ಮೇಲೆಲ್ಲ ತಣ್ಣಗಾಗಿ ಚೆನ್ನಾಗಿ ಕಂಡರೂ ಸೊಂಟದ ಕೀಲಿನ ಹತ್ತಿರ ಮೂಳೆ ಸುತ್ತ ಮಾಂಸ ಒಳಗೊಳಗೇ ಕೆಟ್ಟು ಹುಳಿ ವಾಸನೆ ಹಿಡಿಯುತ್ತದೆ. ಹಾಗಾಗಿ ಬಿದ್ದ ಜಾಗದಲ್ಲೇ ತೊಗಲು ಸುಲಿದು, ತೊಡೆಯನ್ನು ಮೂಳೆಯವರೆಗೂ ಸೀಳಿ ಬಿಡಿಸಿ, ಆಮೇಲೆ ನೆರಳಲ್ಲಿ ಗಾಳಿ ಆಡುವ ಕಡೆ ತೂಗುಹಾಕುವುದು ಅಂತ ಲೆಕ್ಕ. ಗಂಡೋ ಹೆಣ್ಣೋ ಅನ್ನುವ ಗುರುತನ್ನು ಮಾತ್ರ ಮಾಂಸದಿಂದ ಬೇರ್ಪಡಿಸುವ ಹಾಗಿಲ್ಲ, ಇಲ್ಲಿನ ಕಾನೂನು.

ಗಾಡಿಯಲ್ಲಿ ದೊಡ್ಡ ಐಸ್‌ಪೆಟ್ಟಿಗೆ ಇರುತ್ತದೆ. ಗುರಿ 4 ಡಿಗ್ರಿಗಿಂತ ಕೆಳಗೆ. ಕರಗಿದ ನೀರು ಹೋಗಲು ಬಿರಡೆ ತೆಗೆದೇ ಇಡುತ್ತೇನೆ, ಮಾಂಸ ನೀರಲ್ಲಿ ನೆನೆದರೆ ಇಷ್ಟು ಕಷ್ಟಪಟ್ಟು ಒಣಗಿಸಿದ್ದು ಯಾಕೆ, ಅಲ್ವಾ? ಇನ್ನು ಬಾಕಿ ಇರುವುದು ಹೊಲಿಗೆಯ ಪರೀಕ್ಷೆ: 25 ಕೆಜಿ ಅಕ್ಕಿ ತುಂಬಿ ಮರಕ್ಕೆ ತೂಗುಹಾಕುತ್ತೇನೆ. ತಡೆದರೆ ಇದೇ ಅಳತೆಯಲ್ಲಿ ಇನ್ನೊಂದು ಸೆಟ್.