‘ಸಿಗರೇಟು ಹೇಗೆ ಬಿಟ್ರಿ?’ ಅನ್ನುವವರಿಗೆ, ಇದೇ ಕೊನೆಯ ಸಲ

ಹೋದ ಭಾನುವಾರ ಒಂದು ನಾಮಕರಣದ ಊಟ. ಎಲೆಗೆ ಪಾಯಸ ಬೀಳುವ ಹೊತ್ತಿಗೆ ಪಕ್ಕದಲ್ಲಿ ಕೂತವರು ಶುರು ಮಾಡಿದರು. "ಒಂದೇ ಸಲಕ್ಕೆ ಬಿಟ್ರಂತೆ? ಏನ್ ವಿಲ್ ಪವರ್ ಸಾರ್ ನಿಮ್ದು! ಟ್ರಿಕ್ ಏನು, ಹೇಳಿ." ಬಾಯಲ್ಲಿ ಹಪ್ಪಳ ಇತ್ತು, ಬಚಾವಾದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಓದಿಕೊಳ್ಳಿ, ನನ್ನನ್ನು ಉಣ್ಣಲು ಬಿಡಿ.

ಒಂದೇ ಸಲಕ್ಕೆ ಬಿಟ್ಟಿಲ್ಲ. ನಾಲ್ಕು ಸಲ ಬಿಟ್ಟಿದ್ದೇನೆ. ಹದಿನೇಳು ವರ್ಷ ಸೇದಿದವನು, ದಿನಕ್ಕೊಂದು ಪ್ಯಾಕು, ಮೇಲೆ ಬಿಡಿಯಾಗಿ ಎರಡು ಮೂರು. ನಾಲ್ಕನೆಯ ಸಲದ್ದು ನಿಂತು ಈಗ ಮೂರು ವರ್ಷ. ವಿಲ್ ಪವರ್ ವಿಚಾರಕ್ಕೆ ಬಂದರೆ, ಬೆಳಗಿನ ಅಲಾರಂ ಐದು ಸಲ ಮುಂದಕ್ಕೆ ತಳ್ಳುವ ಮನುಷ್ಯ ನಾನು. ಮನೆಯವಳನ್ನು ಕೇಳಿ.

ದೇಹದ ಮಾತನ್ನು ಬೇಗ ಮುಗಿಸುತ್ತೇನೆ. ದೇಹವೂ ಬೇಗ ಮುಗಿಸಿತು. ಎರಡನೆಯ, ಮೂರನೆಯ ದಿನ ಬಹಳ ಕೆಟ್ಟದು. ತಲೆನೋವು, ನಿದ್ದೆ ಇಲ್ಲ, ಬೆಳಗ್ಗೆ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಕೆಮ್ಮು ಕಮ್ಮಿ ಆಗುತ್ತೆ ಅಂದುಕೊಂಡಿದ್ದೆ, ಮೊದಮೊದಲು ಜಾಸ್ತಿ ಆಯಿತು. ಶ್ವಾಸನಾಳದ ಒಳಗೆ ಕಸ ಗುಡಿಸುವ ಸಣ್ಣ ಸಣ್ಣ ಕೂದಲಿವೆಯಲ್ಲ, ಅವು ಮತ್ತೆ ಕೆಲಸಕ್ಕೆ ಹಾಜರಾದ ಗುರುತಂತೆ ಅದು. ಎರಡು ಮೂರು ವಾರದಲ್ಲಿ ಇದೆಲ್ಲ ತಣ್ಣಗಾಯಿತು.

ನಿಕೋಟಿನ್ ಗಮ್ ತಂದಿದ್ದೆ, ಎರಡು ಮಿಲಿಗ್ರಾಂನದು. ಬಬಲ್ ಗಮ್ ಥರ ಜಗಿದೆ. ಆಫೀಸಿನ ಮೀಟಿಂಗ್ ಮಧ್ಯೆ ಬಿಕ್ಕಳಿಕೆ ಹಿಡಿಯಿತು ನೋಡಿ, ಎದುರು ಕೂತವರು ನಾನು ಬೆಳಗ್ಗೆಯೇ ಕುಡಿದು ಬಂದಿದ್ದೇನೆ ಅಂದುಕೊಂಡಿರಬೇಕು. ಅದನ್ನು ಹಾಗೆ ಜಗಿಯಬಾರದು. ನಾಲ್ಕಾರು ಸಲ ಅಗಿದು, ನಾಲಿಗೆಗೆ ಚುರ್ ಅಂದ ಕೂಡಲೇ ಕೆನ್ನೆಯ ಸಂದಿಗೆ ಒತ್ತಿ ಇಟ್ಟುಕೊಳ್ಳಬೇಕು, ಎಲೆಯಡಿಕೆ ಥರ. ನನ್ನ ಅಜ್ಜಿ ಇದ್ದಿದ್ದರೆ ಐದು ನಿಮಿಷದಲ್ಲಿ ಕಲಿಸಿಬಿಡುತ್ತಿದ್ದಳು. ಕಾಫಿ ಕುಡಿದ ಮೇಲೆ ಕಾಲು ಗಂಟೆ ಬಿಟ್ಟು ಹಾಕಿಕೊಳ್ಳಿ, ಇಲ್ಲದಿದ್ದರೆ ದುಡ್ಡು ದಂಡ.

ಕಾಫಿದು ಇನ್ನೊಂದು ಕಥೆ. ಸಿಗರೇಟು ಸೇದುವವರ ದೇಹ ಕೆಫೀನನ್ನು ಬೇಗ ಬೇಗ ಹೊರಗೆ ಹಾಕುತ್ತದೆ. ಸೇದುವುದು ನಿಲ್ಲಿಸಿದರೆ ಆ ಕೆಲಸ ನಿಧಾನವಾಗುತ್ತದೆ. ಅದೇ ಲೋಟ, ಅದೇ ಡಿಕಾಕ್ಷನ್, ಆದರೆ ಎದೆ ಢವಢವ. ನಾನು ಅದನ್ನು ಸಿಗರೇಟಿನ ಚಡಪಡಿಕೆ ಅಂದುಕೊಂಡು ಇನ್ನೂ ಎರಡು ಕಾಫಿ ಕುಡಿಯುತ್ತಿದ್ದೆ. ಟ್ರಿಕ್ ಬೇಕಂದ್ರಲ್ಲ, ತಗೊಳ್ಳಿ: ಕಾಫಿ ಅರ್ಧ ಮಾಡಿ.

ಮನಸ್ಸಿನದು ಅಷ್ಟು ಸಲೀಸಲ್ಲ. ಮೂರನೆಯ ದಿನ ಮಗಳು ಪೆನ್ಸಿಲ್ ಕೆತ್ತುತ್ತಿದ್ದಳು. ಆ ಕರಕರ ಸದ್ದಿಗೆ ಮನೆ ಹಾರಿಹೋಗುವ ಹಾಗೆ ಕಿರುಚಿದೆ. ಅವಳಿಗೆ ಆಗ ಆರು ವರ್ಷ. ಅಳಲಿಲ್ಲ. ಅಡುಗೆಮನೆಗೆ ಹೋಗಿ, "ಅಮ್ಮಾ, ಅಪ್ಪ ಸಿಗರೇಟ್ ಸೇದಲಿ ಬಿಡು" ಅಂದಳು. ವಿಲ್ ಪವರ್ ಅನ್ನುವವರು ಆ ಮನೆಯಲ್ಲಿ ಒಂದು ವಾರ ಇರಬೇಕಿತ್ತು.

ಸರಿ, ನನ್ನ ಸಿಟ್ಟಿಗೆ ಕಾರಣ ಏನು ಗೊತ್ತಾ? ಹೇಗೆ ಬಿಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಬಿಟ್ಟವನು ಮತ್ತೆ ಯಾಕೆ ಹಚ್ಚಿದೆ ಅಂತ ಒಬ್ಬರೂ ಕೇಳಲ್ಲ. ಮೂರು ಸಲ ಹಚ್ಚಿದ್ದೇನೆ ಸ್ವಾಮಿ, ನಿಮಗೆ ಬೇಕಾದ್ದೆಲ್ಲ ಇರುವುದು ಅಲ್ಲಿ.

ನಮ್ಮೂರು ಪಿರಿಯಾಪಟ್ಟಣದ ಹತ್ತಿರ. ಹುಣಸೂರು, ಎಚ್.ಡಿ. ಕೋಟೆ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲೆಲ್ಲ ಹೊಗೆಸೊಪ್ಪು. ವರ್ಜೀನಿಯಾ, ಸಿಗರೇಟಿಗೆ ಹೋಗುವ ಸೊಪ್ಪು. (‘ಮನೇಲೇ ಬೆಳೆಯೋರು, ಸೇದದೆ ಇರ್ತೀರಾ’ ಅನ್ನುತ್ತಾರೆ. ರೇಷ್ಮೆ ಸಾಕುವವರೆಲ್ಲ ಪಟ್ಟೆ ಸೀರೆ ಉಡ್ತಾರಾ?) ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮಳೆಗೆ ನೆಂದ ಸೊಪ್ಪು ಮುರಿಯಲು ಹೋಗಿ, ತಲೆ ಸುತ್ತಿ, ಸಾಲಿನಲ್ಲೇ ವಾಂತಿ ಮಾಡಿಕೊಂಡಿದ್ದೆ. ಮನೆಯಲ್ಲಿ ಪಿತ್ತ ಅಂದರು. ಹಸಿ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಬೀಡಿಗಿಂತ ಮುಂಚೆಯೇ ಅದು ನನ್ನೊಳಗೆ ಬಂದು ಹೋಗಿತ್ತು.

ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸಿ ಒಣಗಿಸುವ ಮನೆಗೆ, ಏರಿಸಿದ ಮೇಲೆ ಐದಾರು ದಿನ ಒಲೆ ಆರುವಂತಿಲ್ಲ. ಶಾಖ ಮೆಲ್ಲಗೆ ಏರಬೇಕು. ಹೆಚ್ಚುಕಮ್ಮಿ ಆದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಲೋ ಗ್ರೇಡ್ ಅಂತ ಪಕ್ಕಕ್ಕೆ ತಳ್ಳುತ್ತಾರೆ. ಹಾಗಾಗಿ ರಾತ್ರಿಯಿಡೀ ಒಬ್ಬರು ಕೂರಬೇಕು. ನಮ್ಮಲ್ಲಿ ಕೂರುವವನು ಚಿಕ್ಕಪ್ಪ. ಹದಿನೇಳನೇ ವಯಸ್ಸಿನಿಂದ ಅವನ ಜೊತೆ ನಾನು. ಮಾತು ಕಮ್ಮಿ ಅವನದು. ಒಲೆಯಿಂದ ಒಂದು ಕೊಳ್ಳಿ ಎಳೆದು ತನ್ನ ಬೀಡಿ ಹಚ್ಚಿಕೊಳ್ಳುತ್ತಿದ್ದ, ಅದೇ ಕೊಳ್ಳಿಯನ್ನು ನನ್ನ ಕಡೆ ಹಿಡಿಯುತ್ತಿದ್ದ. ಅಪ್ಪ ತೀರಿಕೊಂಡ ವರ್ಷವೂ ಹಾಗೇ ಕೂತಿದ್ದೆವು. ಆಗಲೂ ಅವನು ಏನೂ ಅನ್ನಲಿಲ್ಲ. ಬೀಡಿ ಕೊಟ್ಟ.

ಮೂರನೆಯ ಸಲ ಬಿಟ್ಟು ಏಳು ತಿಂಗಳಾಗಿತ್ತು. ಊರಿಗೆ ಹೋದೆ. ರಾತ್ರಿ ಎರಡು ಗಂಟೆ ಇರಬೇಕು. ಚಿಕ್ಕಪ್ಪ ಕಿಂಡಿಗೆ ಟಾರ್ಚ್ ಬಿಟ್ಟು ಥರ್ಮಾಮೀಟರ್ ನೋಡಿ ಬಂದ, ಕೂತ, ಹಚ್ಚಿದ, ಕೊಳ್ಳಿ ನನ್ನ ಕಡೆ ಹಿಡಿದ. ಇನ್ನೊಂದು ಕೈಯಲ್ಲಿ ಬೀಡಿ. ದೇವರಾಣೆ ಹೇಳುತ್ತೇನೆ, ನನಗೆ ಬೇಕು ಅನ್ನಿಸಿರಲಿಲ್ಲ. ದೇಹವೇನೂ ಬೀಡಿ ಕೇಳಿರಲಿಲ್ಲ. ಆ ಕೈಗೆ ಬೇಡ ಅನ್ನುವುದು ಹೇಗೆ ಅಂತ ತಿಳಿಯಲಿಲ್ಲ, ಅಷ್ಟೇ. ಬೆಂಗಳೂರಿಗೆ ವಾಪಸ್ ಬಂದ ವಾರದಲ್ಲೇ ಮತ್ತೆ ದಿನಕ್ಕೊಂದು ಪ್ಯಾಕು.

ಪ್ಯಾಕಿನ ಮೇಲೆ, ಆ ಭಯಂಕರ ಚಿತ್ರದ ಪಕ್ಕ, ಸಿಗರೇಟು ಬಿಡುವವರಿಗೆ ಸಹಾಯ ಮಾಡುವ ಒಂದು ನಂಬರ್ ಇರುತ್ತದೆ: 1800-11-2356. ಒಂದು ದಿನ ಸುಮ್ನೆ ಮಾಡಿದೆ, ಅರ್ಧ ತಮಾಷೆಗೆ. ದುಡ್ಡು ಬೀಳಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ಭಾಷಣ ಬಿಗಿಯಲಿಲ್ಲ. "ಮೂರು ಸಲ ಮತ್ತೆ ಶುರು ಮಾಡಿದ್ರಲ್ಲ ಸಾರ್, ಆಗೆಲ್ಲ ಪಕ್ಕದಲ್ಲಿ ಯಾರಿದ್ರು?" ಅಂದಳು.

ಯೋಚಿಸಿದೆ. ಮೊದಲ ಸಲ, ಹನ್ನೊಂದನೇ ದಿನ, "ಕೆಳಗೆ ಹೋಗೋಣ ಬಾ" ಅಂದ ಆಫೀಸಿನ ಗೆಳೆಯ. ಎರಡನೆಯದು ಛತ್ರದ ಹಿಂದೆ, ಹಳೇ ಕ್ಲಾಸ್‌ಮೇಟುಗಳು. ಮೂರನೆಯದು ಚಿಕ್ಕಪ್ಪ. ಒಬ್ಬನೇ ಇದ್ದಾಗ ಒಂದು ಸಲವೂ ಎಡವಿಲ್ಲ.

ಆಫೀಸಿನ ಗೆಳೆಯನ ಜೊತೆ ಈಗ ಮಾತು ಕಮ್ಮಿ. ಸಿಗರೇಟಿಲ್ಲದೆ ಟೀ ಅಂಗಡಿ ಮುಂದೆ ನಿಂತರೆ ಇಬ್ಬರಿಗೂ ಕೈ ಎಲ್ಲಿಡಬೇಕು ಗೊತ್ತಾಗಲ್ಲ. ಆರು ವರ್ಷದ ಸ್ನೇಹ. ಅದರ ಲೆಕ್ಕ ಯಾರೂ ಕೇಳಿಲ್ಲ.

ಚಿಕ್ಕಪ್ಪನನ್ನು ಕಳೆದುಕೊಳ್ಳಲು ಆಗಲ್ಲವಲ್ಲ. ನಾಲ್ಕನೆಯ ಸಲ ಬಿಟ್ಟ ಮೇಲೆ, ಊರಿಗೆ ಹೊರಡುವ ಮುಂಚೆಯೇ ಫೋನ್ ಮಾಡಿದೆ. "ಚಿಕ್ಕಪ್ಪ, ಈ ಸಲ ನಂಗೆ ಬೀಡಿ ಕೊಡಬೇಡ."

ಸುಮಾರು ಹೊತ್ತು ಸದ್ದಿಲ್ಲ. ಆಮೇಲೆ, "ಕೂರಕ್ಕಾದ್ರೂ ಬತ್ತೀಯೇನ್ಲಾ?"

"ಬತ್ತೀನಿ."

ಆ ರಾತ್ರಿ ಅವನು ಎರಡು ಸಲ ಎದ್ದು ಬ್ಯಾರನ್ನಿನ ಹಿಂದಕ್ಕೆ ಹೋಗಿ ಸೇದಿ ಬಂದ. ಎಪ್ಪತ್ತು ವರ್ಷದವನು, ಕಾಲೇಜು ಹುಡುಗನ ಹಾಗೆ ನನಗೆ ಕಾಣದಂತೆ. ಹೇಗೆ ಬಿಟ್ಟೆ ಅಂತ ಅವನು ಇವತ್ತಿಗೂ ಕೇಳಿಲ್ಲ. ಎರಡನೆಯ ಸಲ ಬಂದು ಕೂತವನು ಒಲೆ ನೋಡಿ, "ಎರಡು ಸೌದೆ ತಳ್ಳು" ಅಂದ. ತಳ್ಳಿದೆ.