ಹಿತ್ತಲ ಅರೇಬಿಕಾ ನಮ್ಮ ಲೋಟಕ್ಕೆ: ಡಿಸೆಂಬರ್ ಅಪ್‌ಡೇಟ್

ಗೊತ್ತಿಲ್ಲದೋರಿಗೆ ಮೊದ್ಲು ಪ್ರಾಜೆಕ್ಟ್ ಏನು ಅಂತ ಹೇಳ್ಬಿಡ್ತೀನಿ. ಸೋಮವಾರಪೇಟೆ ಕಡೆ ನಮ್ದು ಸಣ್ಣ ಕಾಫಿ ತೋಟ, ಅಜ್ಜನ ಕಾಲದಿಂದ ಅದೇ ಜೀವನ, ಆದ್ರೆ ನಮ್ಮ ತೋಟದ ಕಾಫಿ ನಮ್ಮನೆ ಲೋಟಕ್ಕೆ ಬಂದಿದ್ದು ನಾನಂತೂ ನೋಡಿಲ್ಲ. ಹಣ್ಣು ಕುಯ್ಯೋದು, ಕಣದಲ್ಲಿ ಒಣಗ್ಸೋದು, ಮೂಟೆ ಕಟ್ಟಿ ಕಳ್ಸೋದು, ಆಮೇಲೆ ಪೇಟೆಯಿಂದ ಚಿಕೋರಿ ಹಾಕಿರೋ ಪುಡಿ ತಂದು ಕುಡಿಯೋದು. ಮೂಟೆಗೆ ಎಷ್ಟು ರೇಟು ಅನ್ನೋದು ಬಿಟ್ರೆ ನಮ್ ಕಾಫಿ ಬಗ್ಗೆ ನಮ್ಮನೇಲಿ ಬೇರೆ ಮಾತೇ ಇಲ್ಲ. ಅದಕ್ಕೇ ಈ ಸಲ ಹಿತ್ತಲಲ್ಲಿರೋ ಅರೇಬಿಕಾ ಮಾತ್ರ ಬೇರೆ ಇಟ್ಟು ಹೊಸ ವರ್ಷಕ್ಕೆ ನಾವೇ ಕುಡಿಯೋದು ಅಂತ ಹೊರಟಿದ್ದು.

ಗಿಡಗಳು ಹಳೇ ಎಸ್ 795, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ತಳಿ. ಕಾಂಡ ಕೊರೆಯೋ ಬೋರರ್ ಹುಳದ ಕಾಟಕ್ಕೆ ಸುತ್ತಮುತ್ತ ಎಷ್ಟೋ ಜನ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ್ರು, ನಮ್ದೂ ಹೆಚ್ಚುಕಮ್ಮಿ ಹಾಗೇ ಆಯ್ತು. ಹಿತ್ತಲಿಂದು ಹಲಸಿನ ಮರದ ಕೆಳಗೆ ಇರೋದ್ರಿಂದ ಉಳ್ಕೊಂಡಿದೆ, ಆ ಹುಳಕ್ಕೆ ಬಿಸಿಲು ಬೀಳೋ ಕಾಂಡವೇ ಇಷ್ಟ.

ಹುತ್ತರಿ ಹಬ್ಬ ಮುಗಿಸ್ಕೊಂಡು ಕುಯ್ಲು ಶುರು ಮಾಡಿದ್ವಿ. ಪೂರ್ತಿ ಕೆಂಪಾಗಿರೋದು ಮಾತ್ರ ಅಂತ ನಾನು ಒಂದೊಂದೇ ಬಿಡಿಸ್ತಾ ಇದ್ರೆ ಅಮ್ಮ ನೋಡಿ ನೋಡಿ ಸಾಕಾಗಿ "ಏನೋ, ಪೂಜೆಗೆ ಹೂವು ಕುಯ್ತಿದ್ದೀಯಾ" ಅಂದ್ಲು. ಹಣ್ಣು ನೀರಿಗೆ ಹಾಕಿ ತೇಲಿದ್ದೆಲ್ಲಾ ತೆಗೆದು, ಬಿದಿರಿನ ಚೌಕಟ್ಟಿಗೆ ಹಸಿರು ನೆಟ್ ಬಿಗಿದು ನೆಲದಿಂದ ಮೇಲೆ ಹರಡಿದ್ದು. ಕಣದ ಸಿಮೆಂಟ್ ಮೇಲಾದ್ರೆ ಕೆಳಗಡೆ ಗಾಳಿ ಆಡಲ್ಲ, ಇದ್ರಲ್ಲಿ ಎರಡೂ ಕಡೆಯಿಂದ ಒಣಗುತ್ತೆ. ಆದ್ರೆ ಬೆಳಿಗ್ಗೆ ಮಂಜು ಪೂರ್ತಿ ಹೋಗೋ ತನಕ ಟಾರ್ಪಾಲ್ ತೆಗೆಯೋ ಹಾಗಿಲ್ಲ, ಬಿಸಿಲು ಇಳಿಯೋದ್ರೊಳಗೆ ಮತ್ತೆ ಮುಚ್ಬೇಕು, ಮಧ್ಯದಲ್ಲಿ ಕೈಯಾಡಿಸ್ತಾನೇ ಇರ್ಬೇಕು, ಇಲ್ಲಾಂದ್ರೆ ಬೂಸ್ಟು. ಇದ್ರ ಮಧ್ಯೆ ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ ಅಂತ ನ್ಯೂಸಲ್ಲಿ ಬಂತು ನೋಡಿ, ತೋಟದೋರ ಎದೆ ಧಸಕ್ ಅನ್ನೋದು ಆವಾಗ್ಲೇ. ಡಿಸೆಂಬರ್ ಮಳೆ ಬಂದ್ರೆ ಕಣದಲ್ಲಿರೋದು ಹಾಳು, ಗಿಡದಲ್ಲಿರೋ ಹಣ್ಣು ಒಡೆದು ಉದುರುತ್ತೆ, ಅದು ಸಾಲದು ಅಂತ ಹೊತ್ತಲ್ಲದ ಹೊತ್ತಲ್ಲಿ ಹೂವೂ ಬಿಟ್ಬಿಡುತ್ತೆ. ಪುಣ್ಯಕ್ಕೆ ನಮ್ ಕಡೆ ಬರೀ ಮೋಡ, ನಾಲ್ಕು ಹನಿ.

ಕ್ರಿಸ್‌ಮಸ್ ರಜೆಗೆ ಅಕ್ಕನ ಮಕ್ಕಳು ಬಂದ್ರು, ಕಾನ್ವೆಂಟಲ್ವಾ, ಉದ್ದ ರಜೆ. "ಮಾಮ, ರಾಜಾಸೀಟ್‌ಗೆ ಕರ್ಕೊಂಡು ಹೋಗು" ಅಂತ ಒಂದೇ ವರಾತ. ಆ ವಾರ ಮಡಿಕೇರಿಗೆ ಹೋಗೋದಾ! ಗಾಡಿ ನಿಲ್ಸೋಕೆ ಜಾಗ ಸಿಗಲ್ಲ, ನಮ್ಮೂರು ನೋಡೋಕೆ ನಾವೇ ಲೈನಲ್ಲಿ ನಿಲ್ಬೇಕು. ಅವ್ರನ್ನ ಕಾಫಿ ತಿರುಗಿಸೋ ಕೆಲ್ಸಕ್ಕೆ ಹಚ್ಚಿದೆ. ಪಕ್ಕದ ಹೋಮ್‌ಸ್ಟೇಲಿ ಇಳ್ಕೊಂಡಿದ್ದ ಬೆಂಗಳೂರಿನೋರೂ ಫೋಟೋ ತೆಗೆಯೋಕೆ ಬಂದ್ರು, ಗಿಡದಲ್ಲಿದ್ದ ಒಂದು ಹಣ್ಣು ಕೊಟ್ಟು ಚೀಪಿ ಅಂದೆ, ಕಾಫಿ ಹಣ್ಣು ಸಿಹಿ ಇರುತ್ತೆ ಅಂತ ಗೊತ್ತೇ ಇರ್ಲಿಲ್ವಂತೆ.

ಹಣ್ಣು ಕೆಂಪಿಂದ ನೇರಳೆಗೆ ತಿರುಗಿ ಆಮೇಲೆ ಕರ್ರಗಾಗಿ, ಮುಷ್ಟೀಲಿ ಹಿಡಿದು ಅಲ್ಲಾಡ್ಸಿದ್ರೆ ಒಳಗೆ ಬೀಜ ಗಲಗಲ ಅನ್ನೋ ಹದಕ್ಕೆ ಬಂತು. ಇಷ್ಟು ಚೂರಿಗೆ ಯಾವ ಮಿಲ್ಲೂ ಆಗಲ್ಲ, ಅಟ್ಟದಲ್ಲಿದ್ದ ಒನಕೆ ಇಳಿಸಿ ಒರಳಲ್ಲೇ ಕುಟ್ಟಿದ್ದು. ಜೋರಾಗಿ ಕುಟ್ಟಿದ್ರೆ ಬೀಜ ಒಡೆಯುತ್ತೆ, ಮೆಲ್ಲಗೆ ಕುಟ್ಟಿದ್ರೆ ಸಿಪ್ಪೆ ಬಿಡಲ್ಲ. ಕೇರೋದು ಅಮ್ಮಂದೇ ಡಿಪಾರ್ಟ್‌ಮೆಂಟ್, ನನ್ ಕೈಲಿ ಮೊರ ನೋಡಿದ್ರೇ ಅವಳಿಗೆ ನಗು. ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ ಲೆಕ್ಕ, ಹುರಿದ್ರೆ ಅದ್ರಲ್ಲೂ ಒಂದಿಷ್ಟು ತೂಕ ಹೋಗುತ್ತೆ.

ಹುರಿದಿದ್ದು ಹೊರಗಡೆ ಸೌದೆ ಒಲೆ ಮೇಲೆ, ಕಬ್ಬಿಣದ ಬಾಣಲೇಲಿ. ಹಸಿರು ಬೀಜ ಮೊದ್ಲು ಹಳದಿ ಆಗಿ ಒಣಹುಲ್ಲಿನ ವಾಸನೆ ಬರುತ್ತೆ, ಆಮೇಲೆ ಕಂದು, ಆಮೇಲೆ ಚಟ್ ಚಟ್ ಅಂತ ಸಿಡಿಯೋಕೆ ಶುರು. ತೆಳ್ಳನೆ ಹೊಟ್ಟು ಹಾರಿ ತಲೆ ತುಂಬಾ. ಸಿಡಿಯೋದು ಕಮ್ಮಿ ಆಗ್ತಿದ್ದ ಹಾಗೆ ಇಳಿಸಿ ಮೊರಕ್ಕೆ ಸುರಿದು ಬೀಸಿದ್ವಿ, ಬಾಣಲೇಲೇ ಬಿಟ್ರೆ ಆ ಕಾವಿಗೇ ಇನ್ನೂ ಸೀಯುತ್ತೆ. ಹುರಿದ ಬೀಜದೊಳಗಿರೋ ಗ್ಯಾಸ್ ಹೋಗ್ಲಿ ಅಂತ ಎರಡು ಮೂರು ದಿನ ಬಿಟ್ಟು ಪುಡಿ ಮಾಡಿದ್ದು, ಕಾಯೋದೇ ಕಷ್ಟ, ಮನೆಯೆಲ್ಲಾ ಘಮಘಮ.

ಜನವರಿ 1ಕ್ಕೆ ಬೆಲ್ಲ ಹಾಕಿ ಕರಿಕಾಫಿ. ನನಗೆ ಹಣ್ಣಿನ ಪರಿಮಳ, ಸ್ವಲ್ಪ ಹುಳಿ, ಗಂಟಲಲ್ಲಿ ಚೂರೂ ಕಹಿ ಉಳಿಯಲ್ಲ, ಸೂಪರ್ ಅನ್ನಿಸ್ತು. ಅಮ್ಮ ಒಂದು ಗುಟುಕು ಕುಡಿದು "ಇದೇನೋ ನೀರು ನೀರು, ಕಡಕ್ಕೇ ಇಲ್ಲ" ಅಂದ್ಲು. ಅವಳ ತಪ್ಪೇನಿಲ್ಲ ಬಿಡಿ, ಪುಡೀಲಿ ಚಿಕೋರಿ 49 ಪರ್ಸೆಂಟ್ ತನಕ ಬೆರೆಸ್ಬಹುದು ಅಂತ ಕಾನೂನೇ ಇದೆ, ಜೀವಮಾನ ಪೂರ್ತಿ ಆ ಮಂದ ಡಿಕಾಕ್ಷನ್ ಕುಡಿದ ನಾಲಿಗೆ ಅದು. ಮಧ್ಯಾಹ್ನ ನೋಡಿದ್ರೆ ನನ್ ಪುಡಿಗೇ ಪ್ಯಾಕೆಟ್ ಪುಡಿ ಬೆರೆಸಿ ಹಾಲು ಹಾಕ್ಕೊಂಡು ಆರಾಮಾಗಿ ಕುಡೀತಿದ್ಲು.

ಸೋ, ಮುಂದಿನದು ಅವಳಿಗೋಸ್ಕರ. ರೊಬಸ್ಟಾ ಈಗ ಕೆಂಪಾಗ್ತಾ ಇದೆ, ಅದ್ರಲ್ಲಿ ಒಂದು ಬುಟ್ಟಿ ಇದೇ ನೆಟ್ ಮೇಲೆ ಒಣಗಿಸಿ, ಇನ್ನೂ ಸ್ವಲ್ಪ ಕಪ್ಪಗೆ ಹುರಿದು ಈ ಅರೇಬಿಕಾಗೆ ಸೇರಿಸ್ತೀನಿ, ಚಿಕೋರಿ ಇಲ್ದೇನೇ ಕಡಕ್ ಬರುತ್ತಾ ನೋಡೋಣ. ಒಲೆಗೆ ಸೌದೆ ಖಾಲಿ, ಮೊದ್ಲು ಅದನ್ನ ಒಟ್ಟಾಕ್ಬೇಕು.